ನನ್ನಿಂದ ಏನೂ ಸಿಗದ ಇಬ್ಬರು

ನೀವು ಮೂವರು ಮೊಮ್ಮಕ್ಕಳೂ ಈಗ ದೊಡ್ಡವರಾಗುತ್ತಿದ್ದೀರಿ. ಜಾಂಬಿಯಾದಲ್ಲಿರುವ ಮನೆಯನ್ನು ಅಜ್ಜಿ ಮಗಳೊಬ್ಬಳಿಗೇ ಯಾಕೆ ಬರೆದಳು ಎಂಬ ಮಾತು ಎಂದಾದರೂ ನಿಮ್ಮ ನಡುವೆ ಬಂದೇ ಬರುತ್ತದೆ. ಆಗ ನಾನು ಇರುವುದಿಲ್ಲ. ಇದ್ದರೂ ಬಾಯಿಬಿಟ್ಟು ಹೇಳುವವಳಲ್ಲ, ಅದು ನಿಮಗೆ ಗೊತ್ತು. ನಾಲ್ಕು ಜನರ ನಡುವೆ ಮಾತಾಡಬೇಕೆಂದರೆ ಈ ವಯಸ್ಸಿನಲ್ಲೂ ನನಗೆ ನಾಲಿಗೆ ಒಣಗುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಬ್ಬೂರಿನ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನಮ್ಮದು ಕುರಿ ಕಾಯುವ, ಹೊಲ ಮಾಡುವ ಮನೆತನ. ನಿಮ್ಮ ಅಜ್ಜ ಮಾತ್ರ ಯಂತ್ರದ ಕೆಲಸ ಕಲಿತು ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಕೆಟ್ಟರೆ ಬಾಗಿಲಲ್ಲಿ ನಿಂತು ಅದರ ಸದ್ದು ಕೇಳಿ ಇಂಥ ಕಡೆ ಸವೆದಿದೆ ಎಂದು ಹೇಳಿಬಿಡುತ್ತಿದ್ದರಂತೆ. ಮದುವೆಯಾಗಿ ಮೂರು ವರ್ಷಕ್ಕೆ ಅವರಿಗೆ ಜಾಂಬಿಯಾದಿಂದ ಕರೆ ಬಂತು. ಅಲ್ಲಿಯೂ ಹತ್ತಿ ಬೆಳೆಯುತ್ತಾರೆ. ಮಿಲ್ಲಿನ ಯಂತ್ರಗಳು ನಮ್ಮ ದೇಶದವು, ಅವುಗಳ ಕಾಯಿಲೆ ಬಲ್ಲವರೂ ನಮ್ಮ ಕಡೆಯವರೇ ಬೇಕಾಗಿತ್ತು. ಮೊದಲು ಅವರೊಬ್ಬರೇ ಹೋದರು. ಎರಡು ವರ್ಷದ ಮೇಲೆ ನನ್ನನ್ನು ಕರೆಸಿಕೊಂಡರು. ರಾಯಚೂರನ್ನೇ ಸರಿಯಾಗಿ ನೋಡದವಳು ವಿಮಾನ ಹತ್ತಿದೆ.

ಒಂಬತ್ತು ವರ್ಷ ಅಲ್ಲಿದ್ದೆ. ಊರು ಸಣ್ಣದು, ಮಣ್ಣು ಕೆಂಪು. ಹತ್ತಿಯ ಸುಗ್ಗಿ ಬಂದರೆ ಅವರು ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ತಲೆಗೂದಲು, ಹುಬ್ಬು, ಕಿವಿಯ ಮೇಲೆಲ್ಲ ಅರಳೆ ಹತ್ತಿಕೊಂಡಿರುತ್ತಿತ್ತು. ಹಗಲೆಲ್ಲ ನಾನೊಬ್ಬಳೇ. ಜೋಳದ ಹಿಟ್ಟು ಸಿಗುತ್ತಿರಲಿಲ್ಲ, ಗೋವಿನಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದರೆ ಹರಿದು ಹರಿದು ಬರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದರು. ಕೆಟ್ಟ ನಗೆಯಲ್ಲ. ಆದರೆ ಅವರ ಒಂದು ಮಾತೂ ನನಗೆ ತಿಳಿಯುತ್ತಿರಲಿಲ್ಲ, ನನ್ನ ಒಂದು ಮಾತೂ ಅವರಿಗೆ ತಿಳಿಯುತ್ತಿರಲಿಲ್ಲ.

ಮಗಳು ಹುಟ್ಟಿದ್ದು ಅಲ್ಲಿಯೇ. ನಾಲ್ಕು ವರ್ಷಕ್ಕೆಲ್ಲ ಆ ಊರಿನ ಭಾಷೆ ನೀರು ಕುಡಿದಂತೆ ಕಲಿತಳು. ಟೊಮಾಟೊ ಮಾರುವ ಹೆಂಗಸು ಬಂದರೆ ಅವಳೇ ಗೇಟಿನ ತನಕ ಓಡಿ ಚೌಕಾಶಿ ಮಾಡುವಳು, ನಾನು ಹಿಂದೆ ಬುಟ್ಟಿ ಹಿಡಿದು ನಿಲ್ಲುವವಳು. ಒಂದು ದಿನ ಆ ಹೆಂಗಸು ನನ್ನ ಕಡೆ ಬೊಟ್ಟು ಮಾಡಿ ಏನೋ ಕೇಳಿದಳು.

"ಆಕಿ ಏನಂದ್ಲು?" ಎಂದೆ.

"ನೀ ಮೂಕಿ ಏನು ಅಂತ ಕೇಳಾಕತ್ತಾಳ."

"ನೀ ಏನಂದಿ?"

"ಹೌದು ಅಂದೀನಿ. ಮೂಕಿ ಅಂದ್ರ ಒಂದು ಟೊಮಾಟಿ ಹೆಚ್ಚಿಗಿ ಹಾಕ್ತಾಳವ್ವಾ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಆ ದೇಶದಲ್ಲಿ ಅದೊಂದೇ ಸಲ ಇರಬೇಕು. ಮಾತು ಕಲಿತ ಮೇಲೆ ಆ ದೇಶದಲ್ಲಿ ನನ್ನ ಬಾಯಿ ಅಂದರೆ ಅವಳೇ. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನನ್ನ ಸೆರಗು ಹಿಡಿದುಕೊಂಡು ದೊಡ್ಡವರ ಹಾಗೆ ಮಾತಾಡುತ್ತಿದ್ದಳು.

ಅಲ್ಲಿಂದ ಹೊರಟಿದ್ದ ಒಬ್ಬರ ಮನೆಯನ್ನು ನಿಮ್ಮ ಅಜ್ಜ ಕೊಂಡರು. ತಗಡಿನ ಚಾವಣಿ, ಮೂರು ಕೋಣೆ, ಹಿಂದೆ ಎರಡು ಮಾವಿನ ಮರ. ಆ ದೇಶದಲ್ಲಿ ಮಣ್ಣು ಯಾರಿಗೂ ಪೂರ್ತಿ ಸ್ವಂತವಲ್ಲ, ತೊಂಬತ್ತೊಂಬತ್ತು ವರ್ಷಕ್ಕೆ ಬರೆದುಕೊಡುತ್ತಾರೆ. ಅದನ್ನು ಕೇಳಿ ನಾನು, ಹಾಗಾದರೆ ಯಾಕೆ ತೆಗೆದುಕೊಳ್ಳಬೇಕು ಎಂದಿದ್ದೆ. ಅವರು, "ನಾವೇನ್ ತೊಂಬತ್ತೊಂಬತ್ತು ವರ್ಷ ಇರ್ತೀವೇನ?" ಎಂದರು. ಕಾಗದದಲ್ಲಿ ಅವರ ಹೆಸರಿನ ಜೊತೆ ನನ್ನ ಹೆಸರನ್ನೂ ಬರೆಸಿದರು. ಇಬ್ಬರಲ್ಲಿ ಉಳಿದವರಿಗೆ ಮನೆ ಎಂದು ಬರೆದಿತ್ತು.

ಆಮೇಲೆ ನಾನು ಮಗಳೊಡನೆ ತಿರುಗಿ ಬಂದೆ, ಮಾನ್ವಿಯಲ್ಲಿ ಮನೆ ಕಟ್ಟಿಸಿದೆವು, ಮಗ ಹುಟ್ಟಿದ. ಅವರು ಅಲ್ಲಿ ಇನ್ನೂ ಕೆಲವು ವರ್ಷ ದುಡಿದು ಬಂದರು. ಜಾಂಬಿಯಾದ ಮನೆಯಲ್ಲಿ ಅಲ್ಲಿಯದೇ ಒಬ್ಬ ಶಾಲಾ ಮಾಸ್ತರರ ಕುಟುಂಬ ಬಾಡಿಗೆಗೆ ಇದೆ, ಅಲ್ಲಿಯ ವಕೀಲರೊಬ್ಬರು ಅದನ್ನು ನೋಡಿಕೊಳ್ಳುತ್ತಾರೆ. ಆರು ವರ್ಷದ ಹಿಂದೆ ನಿಮ್ಮ ಅಜ್ಜ ತೀರಿಕೊಂಡರು. ಮನೆ ನನ್ನೊಬ್ಬಳ ಹೆಸರಿಗೆ ಬಂತು.

ಮಾನ್ವಿಯ ಮನೆ ನನ್ನ ನಂತರ ಮಗನಿಗೆ ಎಂದು ಅವರ ಮಾತಿನಂತೆ ಆಗಲೇ ಮೃತ್ಯುಪತ್ರ ಬರೆದಿದ್ದೆ. ಅವನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಲ್ಲಿಯೇ ಇದೆ, ಹೆಂಡತಿ ಮಕ್ಕಳು ಇಲ್ಲಿಯೇ ಇದ್ದಾರೆ, ನಾನೂ ಇಲ್ಲಿಯೇ ಇದ್ದೇನೆ. ಮಗಳಿಗೆ ಏನೂ ಇರಲಿಲ್ಲ. ಅವಳ ಸಂಸಾರ ಮುರಿದ ಕತೆಯನ್ನು ಅವಳೇ ತನ್ನ ಮಗಳಿಗೆ ಹೇಳಲಿ, ನಾನು ಬರೆಯುವುದಿಲ್ಲ. ಅವಳು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗುವನ್ನು ಕಟ್ಟಿಕೊಂಡು ಐದು ಬಾಡಿಗೆ ಮನೆ ಬದಲಿಸಿದ್ದಾಳೆ. ಗಂಡಸಿಲ್ಲದ ಮನೆ ಎಂದು ಒಬ್ಬರು, ರಾತ್ರಿ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿಗೆ ಬರುತ್ತಾಳೆ ಎಂದು ಇನ್ನೊಬ್ಬರು. ಪ್ರತಿ ಸಲವೂ ಅದೇ ಎರಡು ಪೆಟ್ಟಿಗೆ, ಅದೇ ಮಂಚ, ಬೇರೆ ಗೋಡೆ. ಇದು ನನ್ನ ಗೋಡೆ ಎಂದು ಮೊಳೆ ಹೊಡೆಯುವ ಒಂದು ಗೋಡೆ ಅವಳಿಗೆ ಆಗಲಿ ಎಂಬುದಷ್ಟೇ ನನ್ನ ಆಸೆ. ಜಾಂಬಿಯಾದ ಮನೆ ಅವಳ ಹೆಸರಿಗೆ ಬಂದರೆ ಅಲ್ಲಿಗೆ ಹೋಗಿಯಾದರೂ ಇರಲಿ, ಇಲ್ಲವೇ ಅದನ್ನು ಮಾರಿ ಇಲ್ಲಿ ಒಂದು ಸೂರು ಮಾಡಿಕೊಳ್ಳಲಿ.

ಹೋದ ವರ್ಷ ಎದೆನೋವು ಬಂದು ಡಾಕ್ಟರರು ಆಪರೇಷನ್ ಆಗಲೇಬೇಕು, ಎರಡು ತಿಂಗಳಲ್ಲಿ ಮಾಡೋಣ ಎಂದಾಗ ಈ ವಿಚಾರ ಬಾಯಿಗೆ ಬಂತು. ದೇವದುರ್ಗದ ನನ್ನ ಅಣ್ಣನಿಗೆ ಹೇಳಿದೆ. ತಂದೆ ತೀರಿದ ಮೇಲೆ ನಮ್ಮ ಮನೆತನದ ಎಲ್ಲ ಕಾಗದಪತ್ರ ಅಣ್ಣನ ಮುಂದೆಯೇ ಆಗಬೇಕು. "ಆಪರೇಷನ್‌ಕಿಂತ ಮೊದಲ ಮಾಡಿ ಮುಗಿಸೂಣು, ಎಲ್ಲಾರೂ ಬರ್ರಿ" ಎಂದ.

ಮಗ, ಸೊಸೆ, ಮಗಳು, ನಾನು ದೇವದುರ್ಗಕ್ಕೆ ಹೋದೆವು. ಅತ್ತಿಗೆ ಬೆಳಿಗ್ಗೆಯೇ ಮಸಾಲೆ ಅರೆದು ಇಟ್ಟಿದ್ದಳು. ಹೊಲ, ಮನೆ, ಪ್ಲಾಟುಗಳ ಕಾಗದ ಬರೆಯುವ ಅಣ್ಣನ ಪರಿಚಯದವರೊಬ್ಬರು ಮೃತ್ಯುಪತ್ರವನ್ನು ಟೈಪ್ ಮಾಡಿಸಿಕೊಂಡು ಮನೆಗೇ ಬಂದರು. ಜಾಂಬಿಯಾ ಎಂಬುದನ್ನು ಎರಡು ಸಲ ಬೇರೆ ಬೇರೆ ರೀತಿ ಬರೆದಿದ್ದರು, ಮಗಳು ತಿದ್ದಿಸಿದಳು. ಓದಿದರು. ನಾನು ಸಹಿ ಮಾಡಿದೆ.

"ಇಬ್ರು ಸಾಕ್ಷಿ ಬೇಕ್ರಿ. ಯಾರ್ ಹಾಕ್ತೀರಿ?" ಎಂದು ಅವರು ಕೇಳಿದರು.

"ಹೊರಗಿನವ್ರು ಯಾಕ?" ಎಂದ ಅಣ್ಣ. "ಮಕ್ಕಳಾ ಹಾಕ್ಲಿ. ನಾಳಿ ಒಬ್ರೂ ಬಾಯಿ ತೆಗೀಬಾರದು."

ಇದು ನಮ್ಮಲ್ಲಿ ನಡೆದುಬಂದದ್ದು. ಕಾಗದದಲ್ಲಿ ಯಾರ ಪಾಲು ಇದೆಯೋ, ಯಾರ ಪಾಲು ಇಲ್ಲವೋ, ಅವರದೇ ಸಹಿ ಕೆಳಗೆ ಬೀಳಬೇಕು. ಸಾಕ್ಷಿ ಎಂದರೆ ನಾನು ಕಂಡೆ, ನಾನು ಒಪ್ಪಿದೆ, ಮುಂದೆ ಮಾತಾಡುವುದಿಲ್ಲ ಎಂದು. ನಮ್ಮ ಅಪ್ಪನ ಹೊಲ ಅಣ್ಣತಮ್ಮಂದಿರ ಹೆಸರಿಗೆ ಆದಾಗ ನಾನೂ ಹಾಗೆಯೇ ಹಾಕಿದ್ದೆ. ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದ್ದರು. ಹೊರಗಿನವರ ಸಹಿ ಹಾಕಿಸಿದರೆ ಮನೆಯೊಳಗೆ ಒಪ್ಪಿಗೆ ಇಲ್ಲ ಎಂದೇ ಜನ ತಿಳಿಯುತ್ತಾರೆ.

ಮಗ ಪೆನ್ನು ಜಾಡಿಸಿ ದೊಡ್ಡದಾಗಿ ಸಹಿ ಮಾಡಿದ. "ತಗೋ ಅಕ್ಕಾ, ಜಾಂಬಿಯಾದ ರಾಣಿ ಆದಿ. ನನ್ನೂ ಒಂದ್ ಸಲ ಕರಸ್ಕೋ."

"ಬಾ. ಮಾವಿನ ಗಿಡ ಕಾಯಾಕ ಇಡ್ತೀನಿ" ಎಂದು ಅವಳು ತಮ್ಮನ ಬೆನ್ನಿಗೆ ಗುದ್ದಿ, ಅವನ ಸಹಿಯ ಕೆಳಗೆ ತನ್ನದನ್ನು ಮಾಡಿದಳು.

ಆ ದಿನ ಊಟ ಚೆನ್ನಾಗಿ ಆಯಿತು. ನಾನು ಮೂಲೆಯಲ್ಲಿ ಕುಳಿತು ಇಬ್ಬರ ಮುಖವನ್ನೂ ನೋಡಿದೆ. ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ.

ಕಾಗದದ ಫೋಟೋವನ್ನು ಮಗಳು ಜಾಂಬಿಯಾದ ವಕೀಲರಿಗೆ ಕಳಿಸಿದಳು. ಮುಂದಿನ ಭಾನುವಾರ ಅವಳು ಮಾನ್ವಿಗೆ ಬಂದಿದ್ದಾಗ ಅವರ ಫೋನ್ ಬಂತು. ಫೋನನ್ನು ನಡುಮನೆಯ ಮೇಜಿನ ಮೇಲಿಟ್ಟು ಎಲ್ಲರೂ ಸುತ್ತ ಕುಳಿತೆವು. ವಕೀಲರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತ ಹೋದರು, ಮಗಳು ಹೂಂ ಹೂಂ ಎನ್ನುತ್ತಿದ್ದಳು. ನಡುವೆ ಒಮ್ಮೆ ಹೂಂ ಎನ್ನುವುದನ್ನು ನಿಲ್ಲಿಸಿದಳು.

"ಏನಂತ?" ಎಂದ ಮಗ.

"ಆ ದೇಶದಾಗ ಸಾಕ್ಷಿ ಹಾಕಿದವ್ರಿಗೆ ಆಸ್ತಿ ಬರಂಗಿಲ್ಲಂತ. ಯಾರಿಗೆ ಬರೀತಾರೋ ಅವ್ರು ಸಹಿ ಮಾಡಿದ್ರ ಅವ್ರ ಪಾಲು ಹೋತಂತ." ನನ್ನ ಕಡೆ ತಿರುಗಿದಳು. "ನಾ ಸಹಿ ಮಾಡೀನಲ್ಲ."

ಕುಕ್ಕರಿನ ಸೀಟಿ ಎರಡು ಸಲ ಕೂಗಿತು, ಯಾರೂ ಏಳಲಿಲ್ಲ.

"ಅಂದ್ರ ಮನಿ ಯಾರಿಗೆ ಹೋಗ್ತದ?" ಸೊಸೆ ಕೇಳಿದಳು.

"ಮೃತ್ಯುಪತ್ರ ಇಲ್ಲದಂಗ. ಇಬ್ಬರಿಗೂ ಸಮ."

"ಹೋಗ್ಲಿ ಬಿಡ್ರಿ ಅತ್ತಿ" ಎಂದಳು ಸೊಸೆ, ನನ್ನ ಕಡೆ ನೋಡದೆ. "ಸಮ ಅಂದ್ರ ಕೆಟ್ಟದ್ದೇನಲ್ಲಲ್ಲ. ಆಪರೇಷನ್ ಹತ್ರ ಬಂದದ, ಮತ್ತ ಮತ್ತ ಯಾಕ ಅಡ್ಡಾಡೂದು?"

ಮಗ ಏನೂ ಹೇಳಲಿಲ್ಲ. ಅವನು ಏನಾದರೂ ಹೇಳುತ್ತಾನೆಂದು ನಾನು ಕಾಯ್ದೆ. ಮಗಳೂ ಕಾಯ್ದಳು. ಫೋನಿನಲ್ಲಿ ವಕೀಲರು ಇನ್ನೂ ಇದ್ದರು, ಅವರು ಮತ್ತೇನೋ ಹೇಳಿದರು. ಮಗಳು ಕೇಳಿಕೊಂಡು ಹೇಳಿದಳು, "ಕಾಗದದ ಕಡೀಕ ಒಂದು ಸಾಲು ಅದ. ಇದಕ್ಕ ಮೊದಲು ಬರದ ಎಲ್ಲಾ ಮೃತ್ಯುಪತ್ರ ರದ್ದು ಅಂತ. ಅದನ್ನ ಹಂಗ ಬಿಟ್ರ ಈ ಮಾನ್ವಿ ಮನಿ ಕಾಗದಾನೂ ರದ್ದು ಆಗಬಹುದಂತ. ಇದನ್ನ ಹರದು ಹಾಕಿ ಅಲ್ಲಿ ಮನಿಗೆ ಬ್ಯಾರೆ ಕಾಗದ ಆಗಬೇಕು, ಅದು ಅಲ್ಲಿ ಆಸ್ತಿಗಷ್ಟ ಅಂತ ಬರಿಬೇಕಂತ."

ಸೊಸೆ ಕುಳಿತಲ್ಲಿಂದ ಎದ್ದಳು. "ಅಯ್ಯ, ಹಂಗಾರ ನಾಳಿನ ಹೊಸಾದ್ ಮಾಡಿಸ್ರಿ ಅತ್ತಿ!"

ಮಗಳಿಗೆ ನಗು ತಡೆಯಲಾಗಲಿಲ್ಲ, ಮಗನಿಗೂ. ನಗಬಾರದೆಂದು ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಈ ಮಾತನ್ನು ಬರೆದೆನೆಂದು ನಿಮ್ಮಲ್ಲಿ ಇಬ್ಬರ ತಾಯಿ ಸಿಟ್ಟಾಗುವುದಿಲ್ಲ. ಆಸ್ತಿಯ ಮಾತು ಬಂದಾಗ ನಾವೆಲ್ಲರೂ ಸ್ವಲ್ಪ ಸ್ವಲ್ಪ ಹಾಗೆಯೇ.

ವಕೀಲರು ಕೊನೆಗೆ ಹೇಳಿದ್ದು ಇಷ್ಟು. ಹೊಸ ಕಾಗದವನ್ನು ಅವರೇ ಬರೆದು ಕಳಿಸುತ್ತಾರೆ. ರಾಯಚೂರಿನಲ್ಲಿ ನೋಟರಿ ವಕೀಲರ ಮುಂದೆ ನಾನು ಸಹಿ ಮಾಡಬೇಕು. ಮಗಳು ಆ ಕೋಣೆಯೊಳಗೇ ಇರಬಾರದು, ಅವಳೇ ಬರೆಸಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದು. ಮಗ ಸೊಸೆ, ಅಣ್ಣ ತಮ್ಮ ಯಾರೂ ಬೇಡ. ನನ್ನನ್ನು ಬಲ್ಲ, ನನ್ನಿಂದ ಏನೂ ಸಿಗದ ಇಬ್ಬರು ಸಾಕ್ಷಿಗಳು ಒಟ್ಟಿಗೆ ನಿಂತು ನಾನು ಸಹಿ ಮಾಡುವುದನ್ನು ನೋಡಿ ತಾವೂ ಮಾಡಬೇಕು.

"ಇಬ್ರ ಅಲ್ಲೇನು, ಸಿಗ್ತಾರ ಬಿಡು" ಎಂದು ಮಗ ಅಂಗಡಿಗೆ ಹೋದ. ತನ್ನ ಅಂಗಡಿಯ ಗೆಳೆಯರನ್ನು ಕರೆತರಲೇ ಎಂದೂ ಕೇಳಿದ್ದ. ಅವರು ನಿನ್ನನ್ನು ಬಲ್ಲವರು, ನನ್ನನ್ನಲ್ಲ ಎಂದೆ.

ಅಣ್ಣನಿಗೆ ಫೋನು ಮಾಡಿ ಹೇಳಿದೆ. "ನನ್ನ ಮುಂದ ಆದ ಕಾಗದಾನ ಸುಳ್ಳು ಅಂತಾನೇನು ಅವಾ? ನಮ್ಮ ಮನಿ ಮಕ್ಕಳ ಮ್ಯಾಲ ನಂಬಿಕಿ ಇಲ್ಲ, ಹಾದಿ ಮ್ಯಾಗ ಹೋಗೋರ ಮ್ಯಾಲ ನಂಬಿಕಿ! ನಿನಗ ಹೆಂಗ ತಿಳೀತದೋ ಹಂಗ ಮಾಡ್ಕೋ ತಂಗಿ" ಎಂದು ಇಟ್ಟುಬಿಟ್ಟ. ಹಲವು ದಿನ ಅವನು ನನ್ನೊಡನೆ ಮಾತಾಡಲಿಲ್ಲ.

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ನನ್ನನ್ನು ಬಲ್ಲವರ ಹೆಸರು ಬರೆಯಲು ಕುಳಿತೆ. ಮೊದಲು ಬರೆದದ್ದು ಶಾಲೆಯ ಗೆಳತಿಯದು. ಅವಳನ್ನು ಕವಿತಾಳಕ್ಕೆ ಕೊಟ್ಟಿದ್ದರು, ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಹೊಡೆದು ಹಾಕಿದೆ. ಆಮೇಲೆ ನಿಮ್ಮ ಅಜ್ಜನ ಜೊತೆ ಜಾಂಬಿಯಾದಲ್ಲಿದ್ದ ಒಬ್ಬರ ಹೆಂಡತಿ. ಅವಳು ಈಗ ಯಾರನ್ನೂ ಗುರುತಿಸುವುದಿಲ್ಲವಂತೆ. ಮೂರನೆಯ ಹೆಸರಿಗೆ ಬಹಳ ಹೊತ್ತು ಕುಳಿತೆ. ನನಗೆ ಗೊತ್ತಿರುವವರೆಲ್ಲ ಬಂಧುಗಳು, ಬಂಧುಗಳಲ್ಲದವರೆಲ್ಲ ನಿಮ್ಮ ಅಜ್ಜನಿಗೆ ಗೊತ್ತಿದ್ದವರು. ಓಣಿಯಲ್ಲಿ ಯಾರಾದರೂ ಎದುರು ಬಂದರೆ ಅವರು ಮಾತಾಡುತ್ತಿದ್ದರು, ನಾನು ಒಂದು ಹೆಜ್ಜೆ ಹಿಂದೆ ನಿಂತು ನಗುತ್ತಿದ್ದೆ. ಅಷ್ಟರಲ್ಲೇ ನನ್ನ ಆಯುಷ್ಯ ನಡೆದುಹೋಗಿತ್ತು. ಮನೆಯಲ್ಲಿ ಐದು ಜನ ಉಣ್ಣುತ್ತೇವೆ, ಹಬ್ಬಕ್ಕೆ ಮೂವತ್ತು ಎಲೆ ಬೀಳುತ್ತವೆ. ಆದರೆ ನನಗೆ ನನ್ನವರೆಂದು ಹೊರಗಿನ ಇಬ್ಬರು ಇರಲಿಲ್ಲ. ಒಂದು ಹೆಸರೂ ಉಳಿಯದ ಆ ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟೆ. ಗಂಡ ಸತ್ತ ದಿನ ಕೂಡ ನಾನು ಇಷ್ಟು ಒಂಟಿ ಎಂದು ಅನಿಸಿರಲಿಲ್ಲ. ಆ ದಿನ ಮನೆತುಂಬ ಜನ ಇದ್ದರು.

ಮಗಳು ಪ್ರತಿ ಸಂಜೆ ಫೋನು ಮಾಡುತ್ತಿದ್ದಳು. ಸಾಕ್ಷಿ ಸಿಕ್ಕರೇ ಎಂದು ಕೇಳುತ್ತಿರಲಿಲ್ಲ. ಮನೆಯೊಡತಿ ಮುಂದಿನ ತಿಂಗಳು ಖಾಲಿ ಮಾಡಲು ಹೇಳಿದ್ದಾಳೆ ಎಂದು ಒಂದು ಸಲ ಮಾತ್ರ ಹೇಳಿದಳು, ಅದೂ ಬೇರೆ ಏನೋ ಹೇಳುವಾಗ ನಡುವೆ.

ಮರುದಿನ ಧೈರ್ಯ ಮಾಡಿ ಪಕ್ಕದ ಮನೆಗೆ ಹೋದೆ. ಆ ಮನೆಯವರು ವೈಷ್ಣವರು, ಆಕೆ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಇಪ್ಪತ್ತೆರಡು ವರ್ಷದಿಂದ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗೇಟಿನ ತನಕ ಹೋಗಿ ಒಮ್ಮೆ ತಿರುಗಿ ಬಂದೆ. ಮತ್ತೆ ಹೋದೆ. ಆಕೆ ಮನೆಯಲ್ಲಿರಲಿಲ್ಲ, ಅವರ ಯಜಮಾನರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಬಂದ ಕೆಲಸ ಹೇಳಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ, ಅವರು ಎರಡು ಸಲ ಏನ್ರಿ ಎಂದರು.

"ಮಗ ಇದ್ದಾನ, ಸೊಸಿ ಇದ್ದಾಳ. ಅವ್ರನ್ನ ಬಿಟ್ಟು ನಮ್ಮನ್ಯಾಕ ಕರೀಲಿಕತ್ತೀರಿ? ಮನ್ಯಾಗ ಏನರ ತಕರಾರು ಅದ ಏನ್ರಿ?"

ಇಲ್ಲ ಎಂದು ತಲೆ ಆಡಿಸಿದೆ.

"ತಪ್ಪು ತಿಳ್ಕೋಬ್ಯಾಡ್ರಿ. ನಾಳೆ ಕೋರ್ಟು ಕಚೇರಿ ಅಂದ್ರ ನಮ್ಮ ವಯಸ್ಸಿಗೆ ಆಗೂದಿಲ್ಲ."

ಆ ದೇಶದ ಕಾಯಿದೆ ಹೀಗಿದೆ, ಮನೆಯಲ್ಲಿ ತಕರಾರಿಲ್ಲ, ನನ್ನ ಮಗ ಒಳ್ಳೆಯವನು ಎಂದು ಹೇಳಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಅವರಿಗೆ ನಮಸ್ಕಾರ ಹೇಳಿ ಬಂದುಬಿಟ್ಟೆ. ನನ್ನ ಬಾಯಿಯಿಂದ ನನ್ನ ಮಗನ ಹೆಸರು ಕೆಡಿಸಿ ಬಂದೆನಲ್ಲ ಎಂದು ಆ ದಿನ ಊಟ ಸೇರಲಿಲ್ಲ.

ಎರಡು ದಿನದ ಮೇಲೆ ರವಿಕೆ ಹೊಲಿಸಲು ಹೋದೆ. ಆಪರೇಷನ್ನಿಗೆ ಮುಂದೆ ಗುಂಡಿ ಇರುವ ಸಡಿಲ ರವಿಕೆ ಬೇಕೆಂದು ಹೇಳಿದ್ದರು. ಸಂತೆ ರಸ್ತೆಯ ಆ ಮುಸ್ಲಿಂ ಹೆಣ್ಣುಮಗಳ ಹತ್ತಿರವೇ ನಾನು ಹನ್ನೆರಡು ವರ್ಷದಿಂದ ಹೊಲಿಸುವುದು. ಅವಳೇ ಮಾತಾಡುತ್ತಾಳೆ, ನಾನು ತಲೆ ಆಡಿಸಿದರೆ ಸಾಕು. ಟೇಪು ಹಿಡಿದು ಅಳತೆ ತೆಗೆಯುತ್ತ ನಿಂತುಬಿಟ್ಟಳು.

"ಅಮ್ಮಾ, ಹೋದ ಸಲಕ್ಕಿಂತ ತೋಳು ಒಂದ್ ಇಂಚು ಇಳದದ. ಊಟ ಮಾಡಾಕತ್ತೀರೋ ಇಲ್ಲೋ?"

ಮನೆಯಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ನಾನೇ ಗಮನಿಸಿರಲಿಲ್ಲ. ಅದು ಏನಾಯಿತೋ, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಆಪರೇಷನ್, ಜಾಂಬಿಯಾ, ಕಾಗದ, ಸಾಕ್ಷಿ. ಯಾರಿಗೆ ಬರೆಯುತ್ತಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ಗವಾಹಿ ಸಹಿ ಅಷ್ಟ ಅಲ್ಲೇನ್ರಿ? ಅದ್ರಾಗ ನನಗ ಏನರ ಬರೀತೀರೇನು?"

"ಇಲ್ಲವ್ವ. ಬರದ್ರ ನಡಿಯಂಗಿಲ್ಲ."

"ಹಂಗಾರ ಬರ್ತೀನಿ. ನನ್ನ ಹೆಸರಿಗೆ ಏನರ ಬರೆದಿದ್ರ ನಮ್ಮನ್ಯಾಗ ಜಗಳ ಸುರು ಆಗ್ತಿತ್ತು!" ಎಂದು ನಕ್ಕು, ಟೇಪನ್ನು ಕೊರಳಿಗೆ ಹಾಕಿಕೊಂಡಳು.

ಒಬ್ಬಳು ಸಿಕ್ಕಳು. ಇನ್ನೊಬ್ಬರು ಸಿಗಲಿಲ್ಲ. ಜಾಂಬಿಯಾದಿಂದ ಕಾಗದ ಬಂದು ರಾಯಚೂರಿನಲ್ಲಿ ಛಾಪಿಸಿ ಇಟ್ಟಿದ್ದರು. ನೋಟರಿ ವಕೀಲರು ಶುಕ್ರವಾರ ಬರಲು ಹೇಳಿದ್ದರು. ಅದರ ಮುಂದಿನ ಮಂಗಳವಾರ ಆಪರೇಷನ್.

ಗುರುವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಟೀಚರು ಹಿಂದಿನ ಬಾಗಿಲಿಂದ ಬಂದು ನಿಂತರು. ಅವರು ನಮ್ಮ ಹಿತ್ತಲಿಗೆ ಬಂದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ನಾಳಿ ಎಷ್ಟು ಹೊತ್ತಿನ ಬಸ್ಸಿಗೆ ಹೋಗ್ತೀರಿ?" ಎಂದರು.

"ನಿಮ್ಮ ಯಜಮಾನ್ರು..." ಎಂದೆ.

"ಅವರು ಬ್ಯಾಡ ಅಂದಾರ. ನನಗ ನಿನ್ನೆ ಹೇಳಿದ್ರು, ನೀವು ಬಂದದ್ದು. ನಾಳಿ ಹೋಗೂದು ನಿಮ್ಮ ಸೊಸಿ ಹೇಳಿದ್ಲು. ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿಗೆ ಸಹಿ ಮಾಡೀನಿ, ಅವಾಗ ಅವ್ರನ್ನ ಕೇಳಿ ಮಾಡಿಲ್ಲ. ಎಷ್ಟು ಹೊತ್ತಿನ ಬಸ್ಸು ಹೇಳ್ರಿ."

ಶುಕ್ರವಾರ ಮೂವರೂ ರಾಯಚೂರಿಗೆ ಹೋದೆವು. ನೋಟರಿ ವಕೀಲರ ಕಚೇರಿ ಕೋರ್ಟಿನ ಎದುರಿನ ಒಂದು ಸಣ್ಣ ಕೋಣೆ. ಮಗಳು ಬಂದಿರಲಿಲ್ಲ, ಬರಬಾರದೆಂದು ಹೇಳಿದ್ದರಲ್ಲ. ಅವಳಿದ್ದ ಆಸ್ಪತ್ರೆ ಅಲ್ಲಿಂದ ಕಾಲುನಡಿಗೆಯ ದೂರದಲ್ಲಿತ್ತು. ವಕೀಲರು ಅವರಿಬ್ಬರನ್ನು ಹೊರಗೆ ಕೂಡಿಸಿ, ಕಾಗದವನ್ನು ನನಗೆ ಕನ್ನಡದಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳಿದರು. ಇದು ನಿಮ್ಮ ಮನಸ್ಸಿನ ಮಾತೇ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ನನ್ನ ಬದಲು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. "ನನ್ನ ಮನಸಿಂದು" ಎಂದೆ. ಅವರಿಗೆ ಕೇಳಿಸಿತು.

ಆಮೇಲೆ ಸಾಕ್ಷಿಗಳನ್ನು ಒಳಗೆ ಕರೆದರು. ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತ, "ಗಂಡನ ಹೆಸರು?" ಎಂದರು.

ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಪ್ರಾಸ ಕಟ್ಟಿ ಒಡಪು ಹೇಳುವಾಗ ಹೇಳಿದ್ದೇ ಮೊದಲು, ಅದೇ ಕೊನೆ. ನಾನು ಸುಮ್ಮನೆ ನಿಂತೆ. ವಕೀಲರು ತಲೆ ಎತ್ತಿ ನೋಡಿದರು. ಆಗ ಟೀಚರು, ನಮ್ಮ ಗೇಟಿನ ಹಲಗೆಯ ಮೇಲೆ ಬರೆದಿರುವ ಹಾಗೆಯೇ, ಅಡ್ಡಹೆಸರು ಸಮೇತ ನಿಮ್ಮ ಅಜ್ಜನ ಹೆಸರನ್ನು ಸ್ಪಷ್ಟವಾಗಿ ಹೇಳಿದರು. ನಿಮ್ಮ ಅಜ್ಜ ತೀರಿದ ಮೇಲೆ ಮನೆಯಲ್ಲಿ ಎಲ್ಲರೂ ಅಪ್ಪ, ಅಜ್ಜ, ಮಾವ ಎನ್ನುತ್ತೇವೆ. ಆ ಹೆಸರನ್ನು ಇಡಿಯಾಗಿ ಒಬ್ಬರ ಬಾಯಿಂದ ಕೇಳಿ ಆರು ವರ್ಷವಾಗಿತ್ತು. ಬಾಗಿಲಲ್ಲಿ ಅವರೇ ಬಂದು ನಿಂತ ಹಾಗೆ ಆಯಿತು. ನಾನು ಆ ಕಡೆ ನೋಡಲಿಲ್ಲ.

"ಇವ್ರನ್ನ ಎಷ್ಟು ವರ್ಷದಿಂದ ಬಲ್ರಿ?" ವಕೀಲರು ಟೀಚರನ್ನು ಕೇಳಿದರು.

"ಇಪ್ಪತ್ತೆರಡು ವರ್ಷ."

ಆ ಇಪ್ಪತ್ತೆರಡು ವರ್ಷದಲ್ಲಿ ನಾವು ಇಪ್ಪತ್ತೆರಡು ಸಲ ಮಾತಾಡಿರಲಿಕ್ಕಿಲ್ಲ. ಆದರೂ ಅದು ಸುಳ್ಳಲ್ಲ.

ಪ್ರತಿ ಹಾಳೆಯ ಕೆಳಗೆ ನಾನು ಸಹಿ ಮಾಡಿದೆ. ಅವರಿಬ್ಬರೂ ನೋಡುತ್ತ ನಿಂತು, ಆಮೇಲೆ ತಾವು ಮಾಡಿದರು. ಟೀಚರದ್ದು ಹರಿಯುವ ಇಂಗ್ಲಿಷ್ ಸಹಿ. ಹೊಲಿಗೆಯವಳು ಬಟ್ಟೆಯ ಅಂಚು ಹಿಡಿದಂತೆ ಕಾಗದದ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಒಂದೊಂದೇ ಅಕ್ಷರ ಬರೆದಳು.

ಕಾಗದದಲ್ಲಿ ಏನಿದೆ ಎಂದು ಸಾಕ್ಷಿಗಳು ತಿಳಿಯಬೇಕಾಗಿಲ್ಲ ಎಂದು ವಕೀಲರು ಹೇಳಿದ್ದರು. ತಿರುಗಿ ಬರುವ ಬಸ್ಸಿನಲ್ಲಿ ಅವರಿಬ್ಬರೂ ಕೇಳಲಿಲ್ಲ. ಹೊಲಿಗೆಯವಳು ರಂಜಾನಿಗೆ ಬಂದ ಕೆಲಸದ ವಿಷಯ ಹೇಳಿದಳು, ಟೀಚರು ಮೊಣಕಾಲಿನ ನೋವಿನ ವಿಷಯ ಹೇಳಿದರು. ಯಾರಿಗೆ ಬರೆದಿರಿ, ಯಾಕೆ ಬರೆದಿರಿ ಎಂದು ಒಂದು ಮಾತು ಕೇಳಿದ್ದರೆ ನಾನು ಆ ದಿನ ಹೇಳುತ್ತಿದ್ದೆ. ಟೊಮಾಟೊ ಹೆಂಗಸಿನ ಕತೆಯನ್ನೂ ಹೇಳುತ್ತಿದ್ದೆನೋ ಏನೋ. ಅವರದು ಮರ್ಯಾದೆ, ಕೇಳಲಿಲ್ಲ. ನನಗೂ ನಾನಾಗಿ ಸುರು ಮಾಡುವುದು ಬರಲಿಲ್ಲ. ಮಾನ್ವಿ ಬಂತು, ಇಳಿದು ಅವರವರ ಗೇಟಿಗೆ ಹೋದೆವು.

ಎರಡು ದಿನದಲ್ಲಿ ಜಾಂಬಿಯಾದ ವಕೀಲರಿಂದ ಕಾಗದ ಸರಿಯಾಗಿದೆ ಎಂದು ಉತ್ತರ ಬಂತು. ಮಗಳು ಫೋನಿನಲ್ಲಿ ಅದನ್ನು ಓದಿ ಹೇಳಿದಳು. ಆಮೇಲೆ, "ನೀ ಒಬ್ಬಾಕೀನ ಹೋಗಿ ಮಾಡಿದೇನವ್ವಾ?" ಎಂದಳು. ಹೌದು ಎಂದೆ.

ಆ ದಿನ ಊಟಕ್ಕೆ ಕುಳಿತಾಗ ಮಗ ರೊಟ್ಟಿ ಮುರಿಯುತ್ತ ಕೇಳಿದ, "ಈ ಸಲ ನನ್ನ ಸಹಿ ಬ್ಯಾಡಾತೇನವ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದೇವದುರ್ಗದಲ್ಲಿ ಅವನು ಪೆನ್ನು ಜಾಡಿಸಿ ಸಹಿ ಮಾಡಿದ್ದು ಬರೀ ಸಾಕ್ಷಿಯಲ್ಲ. ಅಕ್ಕನಿಗೆ ನಾನೂ ಕೊಟ್ಟೆ ಎಂದು ಅವನು ಕೈಯಾರೆ ಬರೆದುಕೊಟ್ಟದ್ದು ಅದು. ಆ ದೇಶದ ಕಾಯಿದೆ ಅದನ್ನು ತೆಗೆದು ಹಾಕಿತು. ಈಗ ಆ ಮನೆಯನ್ನು ಕೊಟ್ಟವಳು ನಾನೊಬ್ಬಳೇ. ಫೋನು ಬಂದ ಭಾನುವಾರ ಅವನು ಸುಮ್ಮನಿದ್ದದ್ದು ಅರ್ಧ ಪಾಲಿನ ಆಸೆಗೆ ಎಂದು ಅದುವರೆಗೆ ತಿಳಿದಿದ್ದೆ, ತಾನು ಕೊಟ್ಟದ್ದು ಹೋಯಿತೆಂಬ ನೋವಿಗೆ ಎಂದು ಆಗ ತಿಳಿಯಿತು. ಆದರೆ ಇದನ್ನೆಲ್ಲ ಅವನಿಗೆ ಹೇಳಲು ನನಗೆ ಆಗಲಿಲ್ಲ. "ಕಾಯಿದೆ ಹಂಗ ಅದಪ್ಪಾ" ಎಂದೆ ಅಷ್ಟೆ. ಅವನು ಹೂಂ ಎಂದು ಉಂಡು ಎದ್ದ. ನಿಮ್ಮಲ್ಲಿ ಇಬ್ಬರು ಇದನ್ನು ತಿಳಿದಿರಬೇಕು. ನಿಮ್ಮ ಅಪ್ಪ ಒಪ್ಪಿ ಬಿಟ್ಟುಕೊಟ್ಟದ್ದು, ನಾನು ಕಸಿದುಕೊಂಡು ಕೊಟ್ಟದ್ದಲ್ಲ. ಆ ಕಾಗದದಲ್ಲಿ ಅವನ ಹೆಸರು ಎಲ್ಲಿಯೂ ಇಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ನನ್ನ ಕೋಣೆಯಲ್ಲಿ ಆಸ್ಪತ್ರೆಯ ಚೀಲ ತುಂಬುತ್ತಿದ್ದೆ. ಪಡಸಾಲೆಯಲ್ಲಿದ್ದ ಮಗನಿಗೆ ಫೋನು ಬಂತು. ಅಕ್ಕನೇ ಮಾಡಿದ್ದಳು. ಮನೆಯ ಮಾತು ಬರಲಿಲ್ಲ. ಆಪರೇಷನ್ನಿಗೆ ರಕ್ತ ಕೊಡುವವರು ಬೇಕಾಗಿತ್ತು, ಅವನು ತನ್ನ ಗೆಳೆಯರ ಹೆಸರು ಹೇಳುತ್ತಿದ್ದ. ಆಮೇಲೆ ಮಗುವಿನ ಕೆಮ್ಮಿನ ಮಾತು, ಅವಳು ನೋಡಿದ ಹೊಸ ಬಾಡಿಗೆ ಮನೆಯಲ್ಲಿ ನೀರು ಬರುವುದಿಲ್ಲ ಎಂಬ ಮಾತು. "ಆಮ್ಯಾಲ ನಾ ಬಂದು ನೋಡ್ತೀನಿ, ಆ ಮನಿಯೊಡತಿಗೆ ಅಡ್ವಾನ್ಸ್ ಕೊಡಬ್ಯಾಡ" ಎಂದು ಅವನು ಗದರಿಸುತ್ತಿದ್ದ. ಮಡಚಿದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹಿಂದೆ ನಿಂತೆ. ಹೊರಗೆ ಹೋದರೆ ಮಾತು ನಿಲ್ಲಿಸಿ ಫೋನು ನನ್ನ ಕೈಗೆ ಕೊಡುತ್ತಾನೆ ಎಂದು ಹೋಗಲಿಲ್ಲ. ಅವರು ಮಾತು ಮುಗಿಸುವ ತನಕ ಅಲ್ಲಿಯೇ ನಿಂತು ಕೇಳಿದೆ.